ಬಿಸಿಗೆ ಗಟ್ಟಿಯಾಗುವ ಜೆಲ್: ಹುಣಸೆ ಬೀಜದಿಂದ ಮಾಡಬಹುದೇ? ಮೊಣಕಾಲಿಗೆ ಹಾಕಬಹುದೇ?

ಪ್ರಶ್ನೆ: ನಾನು ಎಂ.ಫಾರ್ಮ್ ಓದುತ್ತಿದ್ದೇನೆ, ಊರು ಶಿರಾ ಹತ್ತಿರ. ದೇಹದ ಬಿಸಿಗೆ ಗಟ್ಟಿಯಾಗುವ ಹೈಡ್ರೊಜೆಲ್ ಬಗ್ಗೆ ಪ್ರಾಜೆಕ್ಟ್ ಮಾಡಬೇಕು. ಅದನ್ನು ಪೆಟ್ರೋಲಿಯಂ ಮೂಲದ ವಸ್ತು ಬಿಟ್ಟು, ಗಿಡ ಅಥವಾ ಪ್ರಾಣಿಗಳಿಂದ ಮತ್ತೆ ಮತ್ತೆ ಸಿಗುವ ವಸ್ತುವಿನಿಂದ ಮಾಡಬೇಕು. ಜೆಲ್ಲಿ ಬಿಸಿಯಾದರೆ ಕರಗುತ್ತದೆ ಅಲ್ವಾ, ಇದು ಹೇಗೆ ಗಟ್ಟಿಯಾಗುತ್ತದೆ? ನೈಸರ್ಗಿಕ ವಸ್ತು, ಹಾಗಾಗಿ ದೇಹಕ್ಕೆ ಸುರಕ್ಷಿತ ಅಂತ ವರದಿಯಲ್ಲಿ ಬರೆಯಬಹುದಾ? ನಮ್ಮ ಕಡೆ ಹುಣಸೆ ಬೀಜ ಬೇಕಾದಷ್ಟಿದೆ, ಅದರಿಂದ ಮಾಡಬಹುದಾ? ಕೊನೆಯದು ಮನೆಯ ವಿಷಯ. ಅಪ್ಪನಿಗೆ ಮೊಣಕಾಲು ಸವೆದಿದೆ. 'ಜೆಲ್ ಇಂಜೆಕ್ಷನ್' ಹಾಕಿಸಿ ಅಂತ ಯಾರೋ ಹೇಳಿದ್ದಾರೆ. ಅದು ಇದೇನಾ?

ಉತ್ತರ: ಮೊದಲು ಬಿಸಿಯ ವಿಷಯ ನೋಡೋಣ. ಅದು ಅರ್ಥವಾದರೆ ಉಳಿದದ್ದು ಸುಲಭ.

ಹೈಡ್ರೊಜೆಲ್ ಎಂದರೆ ಉದ್ದುದ್ದ ಪಾಲಿಮರ್ ಎಳೆಗಳ (ಸಣ್ಣ ಅಣುಗಳು ಸರಪಳಿಯಾಗಿ ಸೇರಿದ ಎಳೆಗಳ) ಬಲೆ, ಅದರೊಳಗೆ ತುಂಬಿಕೊಂಡ ನೀರು. ತೂಕದಲ್ಲಿ ಹೆಚ್ಚಿನ ಪಾಲು ನೀರೇ. ನಮ್ಮ ದೇಹದ ಮೆತ್ತನೆಯ ಭಾಗಗಳಲ್ಲೂ ನೀರೇ ಜಾಸ್ತಿ, ಹಾಗಾಗಿ ವೈದ್ಯಕೀಯದಲ್ಲಿ ಇದಕ್ಕೆ ಅಷ್ಟು ಬೆಲೆ. 1960ರಲ್ಲಿ ಪ್ರಾಗ್ ನಗರದ ಒಟ್ಟೊ ವಿಖ್ಟರ್ಲೆ ಮತ್ತು ದ್ರಾಹೊಸ್ಲಾವ್ ಲಿಮ್ ದೇಹದಲ್ಲಿ ಬಳಸಬಹುದಾದ ಇಂಥ ಜೆಲ್ ಬಗ್ಗೆ ಬರೆದರು. ಇವತ್ತಿನ ಮೆತ್ತನೆಯ ಕಾಂಟ್ಯಾಕ್ಟ್ ಲೆನ್ಸ್ ಹುಟ್ಟಿದ್ದು ಅದರಿಂದಲೇ. ಆದರೆ ಅದು ಒಮ್ಮೆ ಅಚ್ಚಾದರೆ ಹಾಗೇ ಇರುವ ಜೆಲ್. ನೀವು ಕೇಳುತ್ತಿರುವುದು ಸಿರಿಂಜಿನಲ್ಲಿ ನೀರಿನ ಹಾಗಿದ್ದು, ದೇಹದೊಳಗೆ ಹೋದ ಮೇಲೆ ಗಟ್ಟಿಯಾಗುವ ಜೆಲ್.

ಅಗರ್, ಜೆಲಟಿನ್ ನಿಮಗೆ ಗೊತ್ತು. ಬಿಸಿಯಲ್ಲಿ ನೀರು, ತಣ್ಣಗಾದರೆ ಜೆಲ್. ಅಲ್ಲಿ ಎಳೆಗಳು ಸುರುಳಿ ಸುತ್ತಿಕೊಂಡು, ಹೈಡ್ರೋಜನ್ ಬಂಧಗಳಿಂದ ಒಂದನ್ನೊಂದು ಹಿಡಿದುಕೊಂಡಿರುತ್ತವೆ. ಬಿಸಿ ಕೊಟ್ಟರೆ ಹಿಡಿತ ಬಿಡುತ್ತದೆ. ಇವು ಎಷ್ಟೇ ನೈಸರ್ಗಿಕವಾಗಿದ್ದರೂ ನಿಮ್ಮ ಕೆಲಸಕ್ಕೆ ಬರುವುದಿಲ್ಲ, ದಿಕ್ಕೇ ಉಲ್ಟಾ. ಜೆಲಟಿನ್ ದೇಹದ ಬಿಸಿಗೆ ಕರಗಿಯೇ ಹೋಗುತ್ತದೆ.

ಈಗ ಮೀಥೈಲ್ ಸೆಲ್ಯುಲೋಸ್ ನೋಡಿ. ಮರದ ತಿರುಳು ಅಥವಾ ಹತ್ತಿಯ ಸೆಲ್ಯುಲೋಸ್‌ಗೆ ಅಲ್ಲಲ್ಲಿ ಮೀಥೈಲ್ ಗುಂಪು ಸೇರಿಸಿ ಇದನ್ನು ಮಾಡುತ್ತಾರೆ. ಇದರ ಎಳೆಯಲ್ಲಿ ನೀರಿಗೆ ಒಗ್ಗುವ ಭಾಗವೂ ಇದೆ, ಒಗ್ಗದ ಭಾಗವೂ ಇದೆ. ತಣ್ಣಗಿರುವಾಗ ಒಗ್ಗದ ಮೀಥೈಲ್ ಗುಂಪಿನ ಸುತ್ತ ನೀರಿನ ಅಣುಗಳು ಸಾಲಾಗಿ, ಶಿಸ್ತಿನಿಂದ ನಿಂತಿರುತ್ತವೆ. ಹಾಗೆ ನಿಂತಿರುವವರೆಗೆ ಎಳೆಗಳು ಒಂದಕ್ಕೊಂದು ಅಂಟುವುದಿಲ್ಲ, ದ್ರಾವಣ ಹರಿಯುತ್ತದೆ. ಬಿಸಿ ಏರಿದ ಹಾಗೆ ಆ ಶಿಸ್ತು ಉಳಿಯುವುದಿಲ್ಲ. ನೀರಿನ ಅಣುಗಳು ಬಿಟ್ಟು ಓಡಾಡತೊಡಗುತ್ತವೆ. ಬರಿದಾದ ಮೀಥೈಲ್ ಗುಂಪುಗಳು ಪರಸ್ಪರ ಅಂಟಿಕೊಳ್ಳುತ್ತವೆ. ಬಲೆ ಆಯಿತು, ಜೆಲ್ ಆಯಿತು. ನೀವು ಥರ್ಮೊಡೈನಮಿಕ್ಸ್‌ನಲ್ಲಿ ಓದಿದ ಎಂಟ್ರೊಪಿ, ಅಂದರೆ ಅಣುಗಳು ಶಿಸ್ತು ಬಿಟ್ಟು ಚದುರುವ ಪ್ರವೃತ್ತಿ, ಇಲ್ಲಿ ಕಣ್ಣಿಗೆ ಕಾಣುವ ಹಾಗೆ ಕೆಲಸ ಮಾಡುತ್ತದೆ. ನೀರಿಗೆ ಸಿಗುವ ಬಿಡುಗಡೆಯೇ ಎಳೆಗಳನ್ನು ಒಟ್ಟಿಗೆ ತಳ್ಳುತ್ತದೆ. ಮತ್ತೆ ತಣ್ಣಗೆ ಮಾಡಿದರೆ ಇದು ಮತ್ತೆ ನೀರಾಗುತ್ತದೆ.

ಬರೀ ನೀರಿನಲ್ಲಿ ಮೀಥೈಲ್ ಸೆಲ್ಯುಲೋಸ್ ಗಟ್ಟಿಯಾಗುವುದು ಸುಮಾರು 50ರಿಂದ 60 ಡಿಗ್ರಿಯಲ್ಲಿ. ದೇಹಕ್ಕೆ ಅದು ಜಾಸ್ತಿ. ಅದಕ್ಕೆ ಫಾಸ್ಫೇಟ್‌ನಂಥ ಲವಣ ಸೇರಿಸುತ್ತಾರೆ. ಲವಣ ನೀರನ್ನು ತನ್ನ ಕಡೆ ಎಳೆದುಕೊಳ್ಳುವುದರಿಂದ ಎಳೆಗಳು ಕಡಿಮೆ ಬಿಸಿಗೇ ಅಂಟಿಕೊಳ್ಳುತ್ತವೆ. 37ರ ಹತ್ತಿರಕ್ಕೆ ತರುವುದು ಹೀಗೆ.

ಈ ಕ್ಷೇತ್ರದಲ್ಲಿ ಹೆಚ್ಚು ಹೆಸರು ಮಾಡಿದ ಪಾಲಿಮರ್ ಮಾತ್ರ ಪೂರಾ ಕೃತಕ. ಅದರ ಹೆಸರು ಪಾಲಿ ಎನ್-ಐಸೊಪ್ರೊಪೈಲ್ ಅಕ್ರಿಲಮೈಡ್. ನೀರಿನಲ್ಲಿ ಅದು ಸುಮಾರು 32 ಡಿಗ್ರಿಯಲ್ಲಿ ಥಟ್ಟನೆ ಬದಲಾಗುತ್ತದೆ. 1968ರಲ್ಲೇ ಈ ಗುಣ ವರದಿಯಾಗಿತ್ತು. ಟೋಕಿಯೊದ ತೆರುಓ ಒಕಾನೊ ಮತ್ತು ಜೊತೆಗಾರರು ಇದರಿಂದ ಮಾಡಿದ ಕೆಲಸವನ್ನು ನಾನು ಪ್ರತಿ ವಿದ್ಯಾರ್ಥಿಗೂ ಹೇಳುತ್ತೇನೆ. ಜೀವಕೋಶ ಬೆಳೆಸುವ ತಟ್ಟೆಗೆ ಈ ಪಾಲಿಮರ್‌ನ ತೆಳು ಪದರ ಹಚ್ಚಿದರು. 37 ಡಿಗ್ರಿಯಲ್ಲಿ ಜೀವಕೋಶಗಳು ಅದಕ್ಕೆ ಅಂಟಿಕೊಂಡು ಬೆಳೆಯುತ್ತವೆ. ತಟ್ಟೆಯನ್ನು ತಣ್ಣಗೆ ಮಾಡಿದರೆ ಪದರ ನೀರು ಹೀರಿಕೊಳ್ಳುತ್ತದೆ, ಜೀವಕೋಶಗಳ ಇಡೀ ಹಾಳೆ ಹರಿಯದೆ ಎದ್ದು ಬರುತ್ತದೆ. ಎಂಜೈಮ್ ಹಾಕಿ ಕೀಳಬೇಕಿಲ್ಲ. 2004ರಲ್ಲಿ ಜಪಾನಿನಲ್ಲಿ ನಾಲ್ಕು ರೋಗಿಗಳಿಗೆ ಅವರದೇ ಬಾಯೊಳಗಿನ ಪೊರೆಯ ಜೀವಕೋಶದಿಂದ ಇಂಥ ಹಾಳೆ ಬೆಳೆಸಿ ಕಣ್ಣಿನ ಕಾರ್ನಿಯಾ ಮೇಲೆ ಹಾಕಿದರು. ಅವರ ದೃಷ್ಟಿ ಸುಧಾರಿಸಿತು.

ಹಾಗಾದರೆ ಬೇರೆ ವಸ್ತು ಯಾಕೆ ಹುಡುಕಬೇಕು? ತಟ್ಟೆಗೆ ಹಚ್ಚುವುದು ಬೇರೆ, ದೇಹದೊಳಗೆ ಬಿಡುವುದು ಬೇರೆ. ಈ ಪಾಲಿಮರ್ ದೇಹದಲ್ಲಿ ಒಡೆಯುವುದಿಲ್ಲ. ಇದನ್ನು ತಯಾರಿಸುವ ಮೂಲ ಅಣು ವಿಷಕಾರಿ, ಅದು ಚೂರೂ ಉಳಿಯದ ಹಾಗೆ ತೊಳೆಯಬೇಕು. ಮೂಲ ಪೆಟ್ರೋಲಿಯಂ ಎನ್ನುವುದು ಇವುಗಳ ಜೊತೆಗಿನ ಇನ್ನೊಂದು ಕಾರಣ. ಬಿಸಿಗೆ ಗಟ್ಟಿಯಾಗುವ ಇನ್ನೊಂದು ಪಾಲಿಮರ್ ಪೊಲೊಕ್ಸಾಮರ್, ಅದೂ ಕೃತಕವೇ. ಅದರ ಜೆಲ್ ದೇಹದ ದ್ರವದಲ್ಲಿ ಬೇಗ ಕರಗಿ ಹೋಗುತ್ತದೆ.

ಮತ್ತೆ ಮತ್ತೆ ಸಿಗುವ ವಸ್ತುಗಳಲ್ಲಿ ಜಾಸ್ತಿ ಕೆಲಸ ನಡೆದಿರುವುದು ಕೈಟೊಸಾನ್ ಮೇಲೆ. ಸೀಗಡಿ, ಏಡಿ ಸಿಪ್ಪೆಯಲ್ಲಿ ಕೈಟಿನ್ ಇದೆ. ಒಣ ಸಿಪ್ಪೆಯ ಶೇ 15ರಿಂದ 40ರಷ್ಟು ಅದೇ, ಉಳಿದದ್ದು ಪ್ರೋಟೀನ್ ಮತ್ತು ಕ್ಯಾಲ್ಸಿಯಂ ಕಾರ್ಬೊನೇಟ್. ಆಮ್ಲ ಹಾಕಿ ಕ್ಯಾಲ್ಸಿಯಂ ತೆಗೆಯುತ್ತಾರೆ, ತೆಳು ಕ್ಷಾರದಲ್ಲಿ ಪ್ರೋಟೀನ್ ತೆಗೆಯುತ್ತಾರೆ. ಆಮೇಲೆ ಗಟ್ಟಿ ಕಾಸ್ಟಿಕ್ ಸೋಡಾದಲ್ಲಿ ಕಾಯಿಸಿದರೆ ಅಸಿಟೈಲ್ ಗುಂಪು ಕಳಚಿ ಕೈಟೊಸಾನ್ ಆಗುತ್ತದೆ. ಸೀಗಡಿ ರಫ್ತು ಮಾಡುವ ನಮ್ಮ ದೇಶದಲ್ಲಿ ಸಿಪ್ಪೆಗೆ ಬರ ಇಲ್ಲ. ಕೊಚ್ಚಿಯ ಕೇಂದ್ರೀಯ ಮೀನುಗಾರಿಕೆ ತಂತ್ರಜ್ಞಾನ ಸಂಸ್ಥೆ ಸಿಪ್ಪೆಯಿಂದ ಕೈಟಿನ್, ಕೈಟೊಸಾನ್ ತೆಗೆಯುವ ವಿಧಾನವನ್ನು ರೂಪಿಸಿದೆ. ಮೂಲ ಎಷ್ಟೇ ಹಸಿರಾಗಿದ್ದರೂ ಈ ತಯಾರಿಕೆಗೆ ಆಮ್ಲ, ಕ್ಷಾರ, ನೀರು ಮೂರೂ ತುಂಬಾ ಬೇಕು ಎನ್ನುವುದನ್ನು ನಿಮ್ಮ ವರದಿಯಲ್ಲಿ ಬರೆಯಿರಿ. ಬಹಳ ಪ್ರಬಂಧಗಳು ಅದನ್ನು ಹೇಳದೆ ಮುಂದೆ ಹೋಗುತ್ತವೆ.

ಕೈಟೊಸಾನ್ ತಾನಾಗಿ ಬಿಸಿಗೆ ಗಟ್ಟಿಯಾಗುವುದಿಲ್ಲ. ಅದು ಹುಳಿ ದ್ರಾವಣದಲ್ಲಿ ಮಾತ್ರ ಕರಗುತ್ತದೆ. ಆಗ ಅದರ ಅಮೈನ್ ಗುಂಪುಗಳಿಗೆ ಧನ ವಿದ್ಯುದಂಶ ಇರುತ್ತದೆ, ಎಳೆಗಳು ಒಂದನ್ನೊಂದು ದೂರ ತಳ್ಳುತ್ತವೆ. ಪಿಎಚ್ 6.5 ದಾಟಿದರೆ ವಿದ್ಯುದಂಶ ಕಡಿಮೆಯಾಗಿ ಎಳೆಗಳು ಗಂಟುಗಂಟಾಗಿ ಕೆಳಗೆ ಕೂರುತ್ತವೆ. ದೇಹಕ್ಕೆ ಬೇಕಾದದ್ದು 7ರ ಆಸುಪಾಸು. ಈ ತೊಡಕನ್ನು ಬಿಡಿಸಿದ್ದು ಕೆನಡಾದ ಮಾಂಟ್ರಿಯಲ್‌ನ ಅಬ್ದೆಲ್ಲಾ ಶೆನಿಟ್ ಮತ್ತು ಸಂಗಡಿಗರು, 2000ದಲ್ಲಿ. ಅವರು ಬೀಟಾ ಗ್ಲಿಸೆರೊಫಾಸ್ಫೇಟ್ ಎಂಬ ಲವಣ ಸೇರಿಸಿದರು. ತಣ್ಣಗಿರುವಾಗ ಅದು ಪಿಎಚ್ ಅನ್ನು 7ರ ಹತ್ತಿರ ತಂದರೂ ಕೈಟೊಸಾನ್ ಕರಗಿಯೇ ಇರುತ್ತದೆ. 37 ಡಿಗ್ರಿಗೆ ಬಂದರೆ ಕೈಟೊಸಾನ್ ತನ್ನ ಪ್ರೋಟಾನ್‌ಗಳನ್ನು ಗ್ಲಿಸೆರೊಫಾಸ್ಫೇಟ್‌ಗೆ ಬಿಟ್ಟುಕೊಡುತ್ತದೆ. ತಳ್ಳಾಟ ನಿಂತು ಎಳೆಗಳು ಅಂಟಿಕೊಳ್ಳುತ್ತವೆ. ಗಂಟು ಕಟ್ಟುವ ಬದಲು ಇಡೀ ದ್ರಾವಣ ಒಂದೇ ಸಮನೆ ಜೆಲ್ ಆಗುತ್ತದೆ.

ಲ್ಯಾಬ್‌ನಲ್ಲಿ ಇದನ್ನು ಮಾಡುವಾಗ ಎರಡೂ ದ್ರಾವಣ ಐಸ್ ಮೇಲೆ ಇರಲಿ. ಗ್ಲಿಸೆರೊಫಾಸ್ಫೇಟ್ ಅನ್ನು ಹನಿ ಹನಿಯಾಗಿ, ಕಲಕುತ್ತಾ ಹಾಕಿ. ಅವಸರ ಮಾಡಿದರೆ ಹನಿ ಬಿದ್ದ ಜಾಗದಲ್ಲಿ ಪಿಎಚ್ ಏರಿ ಕೈಟೊಸಾನ್ ಮೊಸರಿನ ಹಾಗೆ ಒಡೆಯುತ್ತದೆ. ಲವಣ ಜಾಸ್ತಿಯಾದಷ್ಟೂ ಬೇಗ ಗಟ್ಟಿಯಾಗುತ್ತದೆ ನಿಜ. ಆದರೆ ಜೆಲ್‌ನ ಉಪ್ಪಿನಂಶವೂ ಏರುತ್ತದೆ, ಒಳಗಿಟ್ಟ ಜೀವಕೋಶಗಳು ನೀರು ಕಳೆದುಕೊಂಡು ಸಾಯುತ್ತವೆ. ಗ್ಲಿಸೆರೊಫಾಸ್ಫೇಟ್ ಕಡಿಮೆ ಮಾಡಿ ಸ್ವಲ್ಪ ಸೋಡಿಯಂ ಬೈಕಾರ್ಬೊನೇಟ್ ಸೇರಿಸುವ ವಿಧಾನ ಬಂದಿರುವುದು ಇದೇ ಕಾರಣಕ್ಕೆ.

ಔಷಧ ನಿಧಾನವಾಗಿ ಬಿಡುಗಡೆ ಆಗುತ್ತದೆ ಅಂತ ಎಲ್ಲ ಕಡೆ ಬರೆದಿರುತ್ತದೆ. ಯಾವ ಔಷಧ ಅಂತ ಕೇಳಿ. ನೀರಿನಲ್ಲಿ ಕರಗುವ ಸಣ್ಣ ಅಣು ಈ ಬಲೆಯ ತೂತುಗಳಲ್ಲಿ ಸಲೀಸಾಗಿ ನುಸುಳಿ, ಹೆಚ್ಚೂ ಕಡಿಮೆ ಒಂದು ದಿನದಲ್ಲಿ ಹೊರಗೆ ಬರುತ್ತದೆ. ಪ್ರೋಟೀನ್‌ನಂಥ ದೊಡ್ಡ ಅಣುಗಳು, ನೀರಿನಲ್ಲಿ ಕರಗದ ಔಷಧಗಳು ನಿಧಾನವಾಗಿ ಬರುತ್ತವೆ. ಸಣ್ಣ ಅಣುವನ್ನು ತಡೆಯಬೇಕಾದರೆ ಮೊದಲು ಅದನ್ನು ಲೈಪೊಸೋಮ್ (ಕೊಬ್ಬಿನ ಪೊರೆಯ ಅತಿ ಸಣ್ಣ ಚೀಲ) ಒಳಗೆ ಇಟ್ಟು ಆಮೇಲೆ ಜೆಲ್‌ಗೆ ಸೇರಿಸಬೇಕು. 2004ರಲ್ಲಿ ಇಲಿಗಳ ಗೆಡ್ಡೆಯೊಳಗೆ ಪ್ಯಾಕ್ಲಿಟ್ಯಾಕ್ಸೆಲ್ ಎನ್ನುವ ಕ್ಯಾನ್ಸರ್ ಔಷಧ ತುಂಬಿದ ಕೈಟೊಸಾನ್ ಜೆಲ್ ಅನ್ನು ಒಮ್ಮೆ ಚುಚ್ಚಿ ನೋಡಿದರು. ಅದೇ ಔಷಧವನ್ನು ನಾಲ್ಕು ಸಲ ರಕ್ತನಾಳಕ್ಕೆ ಕೊಟ್ಟಾಗ ಗೆಡ್ಡೆ ಬೆಳೆಯುವುದು ಎಷ್ಟು ತಗ್ಗಿತೋ, ಜೆಲ್‌ನ ಒಂದೇ ಚುಚ್ಚಿನಿಂದಲೂ ಅಷ್ಟೇ ತಗ್ಗಿತು, ವಿಷದ ಪರಿಣಾಮವೂ ಕಡಿಮೆಯಾಗಿತ್ತು. ಪ್ಯಾಕ್ಲಿಟ್ಯಾಕ್ಸೆಲ್ ನೀರಿನಲ್ಲಿ ಕರಗುವುದೇ ಕಷ್ಟ. ಅದಕ್ಕೇ ಅದು ಅಲ್ಲಿ ನಿಂತಿತು.

ಈಗ ನಿಮ್ಮ ಎರಡನೇ ಪ್ರಶ್ನೆ. ನೈಸರ್ಗಿಕ, ಆದ್ದರಿಂದ ಸುರಕ್ಷಿತ ಅಂತ ದಯವಿಟ್ಟು ಬರೆಯಬೇಡಿ. ಈ ಉತ್ತರದಲ್ಲಿ ನಾನು ಒತ್ತಿ ಹೇಳಬೇಕಾದದ್ದು ಇದನ್ನೇ. ವಸ್ತು ಎಲ್ಲಿಂದ ಬಂತು ಎನ್ನುವುದು ಒಂದು ವಿಷಯ, ದೇಹದೊಳಗೆ ಅದಕ್ಕೆ ಏನಾಗುತ್ತದೆ ಎನ್ನುವುದು ಪೂರಾ ಬೇರೆ ವಿಷಯ.

ಮೀಥೈಲ್ ಸೆಲ್ಯುಲೋಸ್ ಮರದಿಂದ ಬಂದಿದೆ. ಆದರೆ ಸೆಲ್ಯುಲೋಸ್ ಎಳೆಯನ್ನು ಒಡೆಯುವ ಎಂಜೈಮ್ ಮನುಷ್ಯನ ದೇಹದಲ್ಲಿ ಇಲ್ಲ. ಮಾಂಸಖಂಡದೊಳಗೆ ಚುಚ್ಚಿದರೆ ಅದು ಮೆಲ್ಲಗೆ ಕರಗಿ ರಕ್ತಕ್ಕೆ ಸೇರಬೇಕು. ಮೂತ್ರಪಿಂಡ ದಾಟುವಷ್ಟು ಚಿಕ್ಕ ಎಳೆ ಹೊರಗೆ ಹೋಗುತ್ತದೆ, ದೊಡ್ಡದು ಹೋಗುವುದಿಲ್ಲ. ಅದೇ ವಸ್ತು ಕಣ್ಣಿನಲ್ಲೋ ಬಾಯಲ್ಲೋ ಇದ್ದರೆ ಈ ಚಿಂತೆ ಇಲ್ಲ, ತಾನಾಗಿ ತೊಳೆದು ಹೋಗುತ್ತದೆ. ಕಣ್ಣು ಒಣಗುವುದಕ್ಕೆ ಡಾಕ್ಟರ್ ಬರೆದುಕೊಡುವ ಹೈಪ್ರೊಮೆಲೋಸ್ ಹನಿಗಳಲ್ಲಿ ಇರುವುದು ಇದೇ ಕುಟುಂಬದ ಪಾಲಿಮರ್. ಇನ್ನೊಂದು ಕಡೆ ಪಾಲಿಲ್ಯಾಕ್ಟಿಕ್ ಆಮ್ಲ ಇದೆ. ಅದು ಮೆಕ್ಕೆಜೋಳ, ಕಬ್ಬಿನ ಸಕ್ಕರೆಯಿಂದ ಬರುವ ಲ್ಯಾಕ್ಟಿಕ್ ಆಮ್ಲದ ಪಾಲಿಮರ್. ಎಂಜೈಮ್ ಇಲ್ಲದೆಯೂ ನೀರಿನಲ್ಲೇ ನಿಧಾನವಾಗಿ ಒಡೆದು, ದೇಹಕ್ಕೆ ಪರಿಚಯ ಇರುವ ಲ್ಯಾಕ್ಟಿಕ್ ಆಮ್ಲವಾಗುತ್ತದೆ. ಕೈಟೊಸಾನ್ ಇವೆರಡರ ನಡುವೆ ಬರುತ್ತದೆ. ನಮ್ಮ ಕಣ್ಣೀರು, ಜೊಲ್ಲು, ಬಿಳಿ ರಕ್ತಕಣಗಳಲ್ಲಿರುವ ಲೈಸೊಜೈಮ್ ಅದನ್ನು ಒಡೆಯಬಲ್ಲದು, ಆದರೆ ಎಳೆಯ ಮೇಲೆ ಅಸಿಟೈಲ್ ಗುಂಪು ಉಳಿದಿರುವ ಕಡೆ ಮಾತ್ರ. ಪೂರ್ತಿ ಅಸಿಟೈಲ್ ತೆಗೆದ ಕೈಟೊಸಾನ್ ಬಹಳ ಕಾಲ ಹಾಗೇ ಕೂರುತ್ತದೆ. ಬೇಗ ಗಟ್ಟಿಯಾಗಲಿ ಅಂತ ಅಸಿಟೈಲ್ ಕಡಿಮೆ ಇರುವ ಕೈಟೊಸಾನ್ ಆರಿಸಿದರೆ, ಬೇಗ ಕರಗಲಿ ಎನ್ನುವ ಆಸೆ ಬಿಡಬೇಕಾಗುತ್ತದೆ.

ನೈಸರ್ಗಿಕ ವಸ್ತುವಿಗೆ ಅದರದ್ದೇ ಆದ ತೊಂದರೆಗಳೂ ಇವೆ. ಕಾರ್ಖಾನೆಯಲ್ಲಿ ಹುಟ್ಟಿದ ಪಾಲಿಮರ್ ಪ್ರತಿ ಸಲ ಹೆಚ್ಚೂ ಕಡಿಮೆ ಒಂದೇ ಥರ ಬರುತ್ತದೆ. ಸೀಗಡಿ ಸಿಪ್ಪೆ ಋತು, ಜಾತಿ, ಕಡಲು ನೋಡಿ ಬದಲಾಗುತ್ತದೆ. ಹೋದ ತಿಂಗಳು 10 ನಿಮಿಷದಲ್ಲಿ ಗಟ್ಟಿಯಾದ ಜೆಲ್ ಈ ತಿಂಗಳ ಡಬ್ಬಿಯಲ್ಲಿ ಅರ್ಧ ಗಂಟೆ ತೆಗೆದುಕೊಳ್ಳಬಹುದು. ಎಂಡೊಟಾಕ್ಸಿನ್ ಎನ್ನುವ ಬ್ಯಾಕ್ಟೀರಿಯಾ ವಿಷ ಇನ್ನೂ ದೊಡ್ಡ ತಲೆನೋವು. ಅದು ಋಣ ವಿದ್ಯುದಂಶ ಇರುವ ಅಣು, ಧನ ವಿದ್ಯುದಂಶದ ಕೈಟೊಸಾನ್‌ಗೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಆಟೊಕ್ಲೇವ್ ಮಾಡಿದರೆ, ಅಂದರೆ ಒತ್ತಡದ ಹಬೆಯಲ್ಲಿ ಕಾಯಿಸಿದರೆ, ಬ್ಯಾಕ್ಟೀರಿಯಾ ಸಾಯುತ್ತದೆ, ಎಂಡೊಟಾಕ್ಸಿನ್ ಉಳಿಯುತ್ತದೆ. ಅದೂ ಅಲ್ಲದೆ ಆಟೊಕ್ಲೇವ್‌ನ ಬಿಸಿ, ಗಾಮಾ ವಿಕಿರಣ ಎರಡೂ ಎಳೆಗಳನ್ನು ತುಂಡು ಮಾಡುತ್ತವೆ. ಆದ್ದರಿಂದ ಸ್ಟೆರಿಲೈಸ್ ಮಾಡಿದ ಮೇಲೆ ಜೆಲ್ ಆಗುವ ಸಮಯವನ್ನು ಮತ್ತೆ ಅಳೆಯಲೇಬೇಕು. ಸೀಗಡಿ ಅಲರ್ಜಿ ಇದ್ದವರ ಬಗ್ಗೆಯೂ ನಿಮ್ಮ ಪರೀಕ್ಷಕರು ಕೇಳಬಹುದು. ಆ ಅಲರ್ಜಿಗೆ ಮುಖ್ಯ ಕಾರಣ ಸೀಗಡಿ ಮಾಂಸದ ಪ್ರೋಟೀನ್, ಚೆನ್ನಾಗಿ ಶುದ್ಧ ಮಾಡಿದ ಕೈಟೊಸಾನ್‌ನಲ್ಲಿ ಅದು ಇರಬಾರದು. ಸಂಶಯವೇ ಬೇಡ ಎನ್ನುವವರಿಗೆ ಅಣಬೆ, ಶಿಲೀಂಧ್ರದಿಂದ ತೆಗೆದ ಕೈಟೊಸಾನ್ ಕೂಡ ಸಿಗುತ್ತದೆ.

ಇನ್ನು ಹುಣಸೆ ಬೀಜ. ಇದನ್ನು ನೀವು ಕೇಳಿದ್ದು ನನಗೆ ತುಂಬಾ ಖುಷಿ ಕೊಟ್ಟಿತು.

ಹುಣಸೆ ಬೀಜದ ಅಂಟು ನಮ್ಮವರಿಗೆ ಹೊಸದಲ್ಲ. ಕಂಬಳಿ ನೇಯುವವರು ಉಣ್ಣೆಯ ನೂಲಿಗೆ ಹುಣಸೆ ಬೀಜದ ಗಂಜಿ ಹಚ್ಚುತ್ತಾರೆ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಕುಶಲಕರ್ಮಿಗಳು ಮರದ ಗೊಂಬೆಗೆ ಮೆತ್ತುವ ಕಿಟ್ಟದಲ್ಲೂ ಇದೇ ಅಂಟಿದೆ. ಸಿಪ್ಪೆ ತೆಗೆದ ಬೀಜದ ಪುಡಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಇರುವುದು ಝೈಲೊಗ್ಲೂಕಾನ್ ಎನ್ನುವ ಪಾಲಿಸ್ಯಾಕರೈಡ್, ಅಂದರೆ ಸಕ್ಕರೆ ಅಣುಗಳ ಉದ್ದ ಸರಪಳಿ. ಅದರ ಬೆನ್ನೆಲುಬು ಸೆಲ್ಯುಲೋಸ್ ಥರದ್ದೇ, ಗ್ಲೂಕೋಸ್ ಸಾಲು. ಅದರ ಮೇಲೆ ಝೈಲೋಸ್ ಕೊಂಬೆಗಳು. ಕೆಲವು ಕೊಂಬೆಗಳ ತುದಿಗೆ ಗ್ಯಾಲಕ್ಟೋಸ್. ಈ ಗ್ಯಾಲಕ್ಟೋಸ್ ಇರುವವರೆಗೆ ಎಳೆಗಳು ಹತ್ತಿರ ಬಂದರೂ ಅಂಟುವುದಿಲ್ಲ. ಅಂದರೆ ಹುಣಸೆ ಬೀಜದ ಗಂಜಿಯನ್ನು ಸುಮ್ನೆ ಬಿಸಿ ಮಾಡಿದರೆ ನಿಮಗೆ ಬೇಕಾದ ಜೆಲ್ ಬರುವುದಿಲ್ಲ.

ಬೀಟಾ ಗ್ಯಾಲಕ್ಟೊಸಿಡೇಸ್ ಎಂಜೈಮ್‌ನಿಂದ ಗ್ಯಾಲಕ್ಟೋಸ್‌ನ ಒಂದು ಪಾಲನ್ನು ಕತ್ತರಿಸಿದರೆ ಕಥೆ ಬದಲಾಗುತ್ತದೆ. ಲ್ಯಾಕ್ಟೋಸ್ ಇಲ್ಲದ ಹಾಲು ಮಾಡಲು ಡೈರಿಗಳು ಬಳಸುವ ಎಂಜೈಮ್ ಇದೇ. 1998ರಲ್ಲಿ ಜಪಾನಿನ ಶಿರಕಾವಾ, ಯಮಾತೊಯಾ, ನಿಶಿನಾರಿ ಇದನ್ನು ಚೆನ್ನಾಗಿ ಅಳೆದು ತೋರಿಸಿದರು. ಶೇ 35ರಷ್ಟು ಗ್ಯಾಲಕ್ಟೋಸ್ ತೆಗೆದರೆ ಸುಮಾರು 40 ಡಿಗ್ರಿಯಲ್ಲಿ ಜೆಲ್ ಆಗುತ್ತದೆ. ಶೇ 58ರವರೆಗೆ ತೆಗೆದರೆ 5 ಡಿಗ್ರಿಗೇ ಆಗಿಬಿಡುತ್ತದೆ. ಅಂದರೆ ಜೆಲ್ ಆಗುವ ತಾಪಮಾನ ಎಂಜೈಮ್ ಎಷ್ಟು ಹೊತ್ತು ಕೆಲಸ ಮಾಡಿತು ಎನ್ನುವುದರ ಮೇಲೆ ನಿಂತಿದೆ, ಅದು ನಿಮ್ಮ ಕೈಯಲ್ಲಿದೆ. ಇದರ ಇನ್ನೊಂದು ಗುಣ ನೋಡಿ. ಇನ್ನೂ ಬಿಸಿ ಮಾಡುತ್ತಾ ಹೋದರೆ, ಸುಮಾರು 80 ಡಿಗ್ರಿ ದಾಟಿದ ಮೇಲೆ ಇದು ಮತ್ತೆ ದ್ರಾವಣವಾಗುತ್ತದೆ. ತಣ್ಣಗಿದ್ದಾಗ ನೀರು, ನಡುವೆ ಜೆಲ್, ತುಂಬಾ ಬಿಸಿಯಲ್ಲಿ ಮತ್ತೆ ನೀರು. ಬಹಳ ಕಡಿಮೆ ವಸ್ತುಗಳಲ್ಲಿ ಈ ಥರ ಕಾಣುತ್ತೇವೆ.

ಆದರೆ ದೇಹದೊಳಗೆ ವಸ್ತುವಿಗೆ ಏನಾಗುತ್ತದೆ ಎನ್ನುವ ಮೇಲಿನ ಪರೀಕ್ಷೆ ಹುಣಸೆಗೂ ಅನ್ವಯಿಸುತ್ತದೆ. ಬೆನ್ನೆಲುಬು ಸೆಲ್ಯುಲೋಸ್ ಥರದ್ದು ಅಂದೆನಲ್ಲ, ಹಾಗಾಗಿ ಮನುಷ್ಯನ ಎಂಜೈಮ್ ಇದನ್ನೂ ಒಡೆಯುವುದಿಲ್ಲ. ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಮಾತ್ರ ಒಡೆಯುತ್ತವೆ. ಆದ್ದರಿಂದ ನನ್ನ ಸಲಹೆ ಇಷ್ಟು: ಹುಣಸೆ ಜೆಲ್ ಅನ್ನು ಮಾಂಸದೊಳಗೆ ಚುಚ್ಚುವ ಇಂಜೆಕ್ಷನ್ ಅಂತ ಯೋಚಿಸಬೇಡಿ. ಕಣ್ಣು, ಮೂಗು, ಗುದದ್ವಾರ, ಹೊಟ್ಟೆಯ ದಾರಿಯಲ್ಲಿ ಯೋಚಿಸಿ. ಅಲ್ಲಿ ಇದು ಕೆಲಸ ಮುಗಿಸಿ ತಾನಾಗಿ ಹೊರಗೆ ಹೋಗುತ್ತದೆ. ಜಪಾನಿನಲ್ಲಿ ನೋವಿನ ಔಷಧ ಇಂಡೊಮೆಥಾಸಿನ್ ಸೇರಿಸಿದ ಝೈಲೊಗ್ಲೂಕಾನ್ ಜೆಲ್ ಅನ್ನು ಮೊಲಗಳ ಗುದದ್ವಾರದಲ್ಲಿ ಹಾಕಿ ನೋಡಿದ್ದಾರೆ, ಕಣ್ಣಿನ ಔಷಧ ಪೈಲೊಕಾರ್ಪಿನ್ ಸೇರಿಸಿ ಕಣ್ಣಿನಲ್ಲೂ ನೋಡಿದ್ದಾರೆ. ಗ್ಯಾಲಕ್ಟೋಸ್ ತೆಗೆಯದ ಹುಣಸೆ ಪಾಲಿಸ್ಯಾಕರೈಡ್ ಈಗಾಗಲೇ ಯುರೋಪಿನ ಕಣ್ಣಿನ ಹನಿಗಳಲ್ಲಿ ಬಳಕೆಯಲ್ಲಿದೆ. ಅದು ಕಣ್ಣಿನ ಮೇಲ್ಮೈಯ ಲೋಳೆಗೆ ಚೆನ್ನಾಗಿ ಅಂಟುತ್ತದೆ.

ಕಣ್ಣಿಗೆ ಮಾಡುವುದಾದರೆ 37 ಡಿಗ್ರಿಯನ್ನು ಗುರಿ ಇಟ್ಟುಕೊಳ್ಳಬೇಡಿ. ಕಣ್ಣಿನ ಮೇಲ್ಮೈ ಸುಮಾರು 34 ಡಿಗ್ರಿ ಇರುತ್ತದೆ. ಚರ್ಮವೂ ಒಳದೇಹಕ್ಕಿಂತ ತಣ್ಣಗೆ. 37ಕ್ಕೆ ಗಟ್ಟಿಯಾಗುವ ಹನಿ ಕಣ್ಣಿನಲ್ಲಿ ಗಟ್ಟಿಯಾಗದೆ ಕೆನ್ನೆ ಮೇಲೆ ಹರಿದು ಹೋಗುತ್ತದೆ.

ನಮ್ಮ ಬೇಸಿಗೆ ಇನ್ನೊಂದು ಸಮಸ್ಯೆ ತರುತ್ತದೆ. ಇದರ ಬಗ್ಗೆ ಪ್ರಬಂಧಗಳಲ್ಲಿ ಹುಡುಕಿದರೂ ಜಾಸ್ತಿ ಸಿಗುವುದಿಲ್ಲ. 'ಕೋಣೆಯ ತಾಪಮಾನದಲ್ಲಿ ದ್ರವ, ದೇಹದಲ್ಲಿ ಜೆಲ್' ಅಂತ ಎಲ್ಲರೂ ಬರೆಯುತ್ತಾರೆ. ಅವರ ಕೋಣೆ 20ರಿಂದ 25 ಡಿಗ್ರಿ. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರು, ಕಲಬುರಗಿಯಲ್ಲಿ 40 ದಾಟುತ್ತದೆ. ಅಲ್ಲಿನ ವಾರ್ಡ್‌ನಲ್ಲಿ 32 ಡಿಗ್ರಿಗೆ ಗಟ್ಟಿಯಾಗುವ ಜೆಲ್ ಬಾಟಲಿಯೊಳಗೇ ಗಟ್ಟಿಯಾಗಿ ಕೂರುತ್ತದೆ. ಸೂಜಿಯಲ್ಲಿ ಬರುವುದಿಲ್ಲ. ಇಲ್ಲಿ ವಸ್ತುಗಳ ನಡುವಿನ ವ್ಯತ್ಯಾಸ ದೊಡ್ಡದಾಗುತ್ತದೆ. ಮೀಥೈಲ್ ಸೆಲ್ಯುಲೋಸ್, ಝೈಲೊಗ್ಲೂಕಾನ್ ಎರಡೂ ಫ್ರಿಜ್‌ಗೆ ಇಟ್ಟರೆ ಮತ್ತೆ ನೀರಾಗುತ್ತವೆ, ಔಷಧ ಉಳಿಯುತ್ತದೆ. ಕೈಟೊಸಾನ್ ಗ್ಲಿಸೆರೊಫಾಸ್ಫೇಟ್ ಒಮ್ಮೆ ಪೂರ್ತಿ ಗಟ್ಟಿಯಾದರೆ ಸಾಮಾನ್ಯವಾಗಿ ಹಿಂದೆ ಬರುವುದಿಲ್ಲ, ಬಾಟಲಿ ಎಸೆಯಬೇಕು. ಅದಕ್ಕೆ ಎರಡು ದ್ರಾವಣವನ್ನೂ ಬೇರೆ ಬೇರೆ ಇಟ್ಟು, ಕೊಡುವ ಹೊತ್ತಿಗೆ ತಣ್ಣಗೆ ಬೆರೆಸುವುದು ಒಳ್ಳೆಯದು. ನಿಮ್ಮ ಪ್ರಾಜೆಕ್ಟ್‌ನಲ್ಲಿ ಒಂದು ಪ್ರಯೋಗ ಜಾಸ್ತಿ ಮಾಡಿ. ಜೆಲ್ ಅನ್ನು 42 ಡಿಗ್ರಿಯಲ್ಲಿ ಕೆಲವು ಗಂಟೆ ಇಟ್ಟು, ಆಮೇಲೆ 4 ಡಿಗ್ರಿಗೆ ತಂದು, ಮೊದಲಿನ ಹಾಗೆ ಹರಿಯುತ್ತದಾ, ಮತ್ತೆ ಅದೇ ತಾಪಮಾನಕ್ಕೆ ಗಟ್ಟಿಯಾಗುತ್ತದಾ ನೋಡಿ. ಉತ್ತರ ಕರ್ನಾಟಕದ ಆಸ್ಪತ್ರೆಗೆ ನಿಜವಾಗಿ ಬೇಕಾದ ಮಾಹಿತಿ ಅದು.

ರೋಗಿಗಳವರೆಗೆ ಮುಟ್ಟಿದ ಜೆಲ್‌ನಲ್ಲೂ ಈ ಎಚ್ಚರಿಕೆ ಕಾಣುತ್ತದೆ. 2020ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ಜೆಲ್ಮೈಟೊ ಎನ್ನುವ ಔಷಧಕ್ಕೆ ಒಪ್ಪಿಗೆ ಸಿಕ್ಕಿತು. ಮೂತ್ರಪಿಂಡದಿಂದ ಮೂತ್ರ ಇಳಿಯುವ ದಾರಿಯ, ಅಷ್ಟು ಉಗ್ರವಲ್ಲದ ಒಂದು ಬಗೆಯ ಕ್ಯಾನ್ಸರ್‌ಗೆ ಅದನ್ನು ಬಳಸುತ್ತಾರೆ. ಅದರಲ್ಲಿ ಮೈಟೊಮೈಸಿನ್ ಔಷಧ ಇದೆ. ಜೆಲ್ ಮಾಡುವುದು ಪೊಲೊಕ್ಸಾಮರ್, ಜೊತೆಗೆ ಸೆಲ್ಯುಲೋಸ್ ಮೂಲದ ಹೈಡ್ರಾಕ್ಸಿಪ್ರೊಪೈಲ್ ಮೀಥೈಲ್ ಸೆಲ್ಯುಲೋಸ್. ನೀರಿನ ರೂಪದಲ್ಲಿ ಹಾಕಿದರೆ ಮೂತ್ರ ಅದನ್ನು ಆಗಲೇ ತೊಳೆದುಬಿಡುತ್ತದೆ. ಜೆಲ್ ಆದರೆ ಕೆಲವು ಗಂಟೆ ಅಲ್ಲೇ ನಿಂತು, ಕರಗುತ್ತಾ ಔಷಧ ಬಿಡುತ್ತದೆ. ಇದನ್ನು ತಣ್ಣಗೆ ಮಾಡಿಯೇ ಒಳಗೆ ಬಿಡುತ್ತಾರೆ. 71 ರೋಗಿಗಳ ಪರೀಕ್ಷೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಜನರಲ್ಲಿ ಗೆಡ್ಡೆ ಪೂರ್ತಿ ಕಾಣದಾಯಿತು. ಸ್ವಲ್ಪ ಸಸ್ಯ ಮೂಲ, ಹೆಚ್ಚಿನದು ಕೃತಕ. ಪೂರ್ತಿ ನೈಸರ್ಗಿಕವೇ ಆಗಬೇಕು ಎನ್ನುವ ಹಟ ಬಿಟ್ಟವರು ರೋಗಿಗೆ ಮೊದಲು ಮುಟ್ಟಿದರು ಅಂತ ನನಗೆ ಅನಿಸುತ್ತದೆ.

ಪ್ರಾಜೆಕ್ಟ್‌ಗೆ ಇನ್ನೆರಡು ಮಾತು. ಟೆಸ್ಟ್ ಟ್ಯೂಬ್ ತಲೆಕೆಳಗು ಮಾಡಿ, ಹರಿಯಲಿಲ್ಲ ಅಂದರೆ ಜೆಲ್ ಆಯಿತು ಅಂತ ಬರೆಯುವುದು ಮೊದಲ ಹೆಜ್ಜೆಗೆ ಸರಿ. ಅಷ್ಟಕ್ಕೇ ನಿಲ್ಲಿಸಬೇಡಿ. ತುಂಬಾ ಗಟ್ಟಿ ದ್ರಾವಣವೂ ಸ್ವಲ್ಪ ಹೊತ್ತು ಹರಿಯದೆ ನಿಲ್ಲುತ್ತದೆ. ರಿಯೋಮೀಟರ್ (ವಸ್ತು ಎಷ್ಟು ಹರಿಯುತ್ತದೆ, ಎಷ್ಟು ಗಟ್ಟಿ ಅಂತ ಅಳೆಯುವ ಯಂತ್ರ) ಇರುವ ಕಡೆ ಹೋಗಿ 15ರಿಂದ 45 ಡಿಗ್ರಿವರೆಗೆ ನಿಧಾನವಾಗಿ ಏರಿಸಿ ಅಳೆಯಿರಿ, ಆಮೇಲೆ ಇಳಿಸುತ್ತಾ ಅಳೆಯಿರಿ. ಸ್ಥಿತಿಸ್ಥಾಪಕ ಗುಣ ಹರಿಯುವ ಗುಣವನ್ನು ಎಲ್ಲಿ ಮೀರುತ್ತದೋ ಆ ಜಾಗ ನಿಮಗೆ ಬೇಕು. ಇನ್ನು ಹುಣಸೆ ಬೀಜದ ಕಂದು ಸಿಪ್ಪೆಯಲ್ಲಿ ಟ್ಯಾನಿನ್ ಇದೆ, ಅದು ಚೂರು ಉಳಿದರೂ ಬಣ್ಣ ಬರುತ್ತದೆ, ಎಂಜೈಮ್ ಕೆಲಸವೂ ಕೆಡುತ್ತದೆ. ಸಿಪ್ಪೆ ಪೂರ್ತಿ ತೆಗೆದ ಪುಡಿಯನ್ನು ಬಳಸಿ. ಅದನ್ನು ನೀರಿನಲ್ಲಿ ಕುದಿಸಿ, ಕೆಳಗೆ ಕೂತ ಪ್ರೋಟೀನ್ ಬೇರ್ಪಡಿಸಿ, ತಿಳಿಗೆ ಆಲ್ಕೋಹಾಲ್ ಹಾಕಿ ಪಾಲಿಸ್ಯಾಕರೈಡ್ ತೆಗೆಯಿರಿ. ಎಂಜೈಮ್ ಹಾಕಿದ ಮೇಲೆ ಎಷ್ಟು ಗ್ಯಾಲಕ್ಟೋಸ್ ಹೊರಗೆ ಬಂತು ಅಂತ, ದ್ರಾವಣದ ಅಂಶಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿಯಲ್ಲಿ ಅಳೆದು, ಬೇಕಾದಷ್ಟಾದ ಕೂಡಲೇ ಕಾಯಿಸಿ ಎಂಜೈಮ್ ನಿಲ್ಲಿಸಿ. ಜಾಸ್ತಿ ತೆಗೆದರೆ ಅದು ನೀರಿನಲ್ಲಿ ಕರಗುವುದೇ ಇಲ್ಲ.

ಕೊನೆಗೆ ನಿಮ್ಮ ಅಪ್ಪನ ಮೊಣಕಾಲು. ಅವರಿಗೆ ಹೇಳಿರುವ 'ಜೆಲ್ ಇಂಜೆಕ್ಷನ್' ಸಾಮಾನ್ಯವಾಗಿ ಹಯಲುರಾನಿಕ್ ಆಮ್ಲ. ಕೋಳಿ ಜುಟ್ಟಿನಿಂದಲೋ ಬ್ಯಾಕ್ಟೀರಿಯಾದಿಂದಲೋ ಬರುವ ವಸ್ತು ಅದು, ಆದರೆ ಬಿಸಿಗೆ ಗಟ್ಟಿಯಾಗುವಂಥದ್ದಲ್ಲ. ಕೀಲಿನ ದ್ರವಕ್ಕೆ ಜಾರುವ ಗುಣ ಕೊಡಲಿ ಅಂತ ಚುಚ್ಚುತ್ತಾರೆ. ಸವೆದ ಕಾರ್ಟಿಲೇಜ್, ಅಂದರೆ ಕೀಲಿನ ಮೂಳೆ ತುದಿಯ ಮೆದು ಹೊದಿಕೆಯನ್ನು, ಅದು ಮತ್ತೆ ಬೆಳೆಸುವುದಿಲ್ಲ. ಅಮೆರಿಕದ ಮೂಳೆ ತಜ್ಞರ ಅಕಾಡೆಮಿ ಮೊಣಕಾಲು ಸವೆತಕ್ಕೆ ಇದನ್ನು ಎಲ್ಲರಿಗೂ ವಾಡಿಕೆಯಂತೆ ಕೊಡಬೇಡಿ ಅಂತ ಹೇಳಿದೆ. ಕೆಲವರಿಗೆ ಕೆಲವು ತಿಂಗಳು ನೋವು ಕಡಿಮೆ ಆಗಬಹುದು. ಅಷ್ಟು ನಿರೀಕ್ಷೆ ಇಟ್ಟುಕೊಂಡು, ಖರ್ಚು ನೋಡಿ, ಡಾಕ್ಟರ್ ಜೊತೆ ಕೂತು ತೀರ್ಮಾನ ಮಾಡಿ.

ಮೇಲೆ ಹೇಳಿದ ಕೈಟೊಸಾನ್ ಗ್ಲಿಸೆರೊಫಾಸ್ಫೇಟ್‌ಗೂ ಮೊಣಕಾಲಿಗೂ ನಂಟಿದೆ. ಮಾಂಟ್ರಿಯಲ್‌ನ ಕೆಲಸದಿಂದ ಬಿಎಸ್‌ಟಿ-ಕಾರ್ಜೆಲ್ ಎನ್ನುವ ಉತ್ಪನ್ನ ಬಂತು, ಆಮೇಲೆ ಭಾರತದ ಪಿರಾಮಲ್ ಕಂಪನಿ ಅದನ್ನು ಕೊಂಡಿತು. ಕಾರ್ಟಿಲೇಜ್‌ನಲ್ಲಿ ಒಂದೇ ಕಡೆ ಗುಂಡಿ ಬಿದ್ದಿದ್ದರೆ ಶಸ್ತ್ರಚಿಕಿತ್ಸೆ ಮಾಡಿ, ಕೆಳಗಿನ ಮೂಳೆಗೆ ಸಣ್ಣ ತೂತು ಕೊರೆದು, ರೋಗಿಯದೇ ರಕ್ತದ ಜೊತೆ ಇದನ್ನು ಬೆರೆಸಿ ಅಲ್ಲಿ ತುಂಬುತ್ತಾರೆ. ಬರೀ ರಕ್ತದ ಹೆಪ್ಪು ಕುಗ್ಗಿ ಕಳಚಿಕೊಳ್ಳುತ್ತದೆ, ಕೈಟೊಸಾನ್ ಸೇರಿದರೆ ಅದು ಕುಗ್ಗದೆ ಅಂಟಿಕೊಂಡು ನಿಲ್ಲುತ್ತದೆ. 2013ರಲ್ಲಿ ಪ್ರಕಟವಾದ 80 ಜನರ ಪರೀಕ್ಷೆಯಲ್ಲಿ, ಒಂದು ವರ್ಷದ ಮೇಲೆ ಎಂಆರ್‌ಐನಲ್ಲಿ ಗುಂಡಿ ತುಂಬಿದ್ದು ಇದರಲ್ಲಿ ಚೆನ್ನಾಗಿತ್ತು. ನೋವು, ಓಡಾಟದಲ್ಲಿ ಮಾತ್ರ ಬರೀ ತೂತು ಕೊರೆದವರಿಗೂ ಇವರಿಗೂ ವ್ಯತ್ಯಾಸ ಕಾಣಲಿಲ್ಲ. ಪೆಟ್ಟು ಬಿದ್ದು ಒಂದು ಕಡೆ ಹಾಳಾದ ಕೀಲಿಗೆ ಮಾಡಿದ ಚಿಕಿತ್ಸೆ ಇದು. ವಯಸ್ಸಾಗಿ ಇಡೀ ಕೀಲು ಸವೆದವರಿಗೆ ಹೊಂದುವುದಿಲ್ಲ.

ಅಪ್ಪನ ಎಕ್ಸ್‌ರೇ ತೆಗೆದುಕೊಂಡು ಮೂಳೆ ತಜ್ಞರ ಹತ್ತಿರ ಹೋದಾಗ ಸವೆತ ಯಾವ ಹಂತದಲ್ಲಿದೆ ಅಂತ ಮೊದಲು ಕೇಳಿ. ಚುಚ್ಚುವ ಔಷಧದ ಹೆಸರೇನು, ಎಷ್ಟು ತಿಂಗಳು ಅನುಕೂಲ ಆಗಬಹುದು, ಎಷ್ಟು ಸಲ ಹಾಕಬೇಕು ಅಂತಲೂ ಕೇಳಿ. ತೊಡೆಯ ಮುಂಭಾಗದ ಸ್ನಾಯು ಗಟ್ಟಿಯಾಗುವ ವ್ಯಾಯಾಮವನ್ನು ಫಿಸಿಯೊಥೆರಪಿಸ್ಟ್ ಹತ್ತಿರ ಕಲಿಸಿ, ತೂಕ ಜಾಸ್ತಿ ಇದ್ದರೆ ಸ್ವಲ್ಪ ಇಳಿಸಲು ಹೇಳಿ. ಇವೆರಡರಿಂದ ನೋವು ಕಡಿಮೆಯಾಗುತ್ತದೆ ಎನ್ನುವುದಕ್ಕೆ ಒಳ್ಳೆಯ ಆಧಾರ ಇದೆ, ಇಂಜೆಕ್ಷನ್ ಹಾಕಿಸಿದರೂ ಹಾಕಿಸದಿದ್ದರೂ ಇವನ್ನು ಈಗಲೇ ಶುರು ಮಾಡಬಹುದು.